ಸಂಗಾತಿಯನ್ನು ಕಳೆದುಕೊಂಡ ಅಣ್ಣನಿಗೆ ಯಾವ ಕಾದಂಬರಿ ಕೊಡಲಿ?

ಕಾವೇರಿತೀರದ ಓದುಗಿ ಕೇಳಿದ್ದಾರೆ:

ನಮಸ್ಕಾರ. ಇಲ್ಲಿ ನಾನು ಓದುವವಳೇ ಹೊರತು ಬರೆಯುವವಳಲ್ಲ. ಈಗ ಒಂದು ಪುಸ್ತಕದ ವಿಚಾರದಲ್ಲಿ ನಿಮ್ಮೆಲ್ಲರ ಸಹಾಯ ಬೇಕಾಗಿದೆ. ಹಿನ್ನೆಲೆಯನ್ನು ತುಸು ಹೇಳದಿದ್ದರೆ ಸಲಹೆ ಕೊಡುವವರಿಗೂ ಕಷ್ಟವಾದೀತೆಂದು ಮೊದಲು ಅದನ್ನೇ ಹೇಳುತ್ತೇನೆ.

ನನ್ನ ಅಣ್ಣನಿಗೆ ಈಗ ನಲವತ್ತಾರು. ಬೆಂಗಳೂರಿನಲ್ಲಿ ಹನ್ನೊಂದು ವರ್ಷ ಒಬ್ಬರೊಡನೆ ಸಂಸಾರ ಮಾಡಿದ್ದಾನೆ. ಸಂಸಾರ ಎಂಬ ಪದವನ್ನು ಅವರಿಬ್ಬರ ಬಗ್ಗೆ ನಾನು ಬಳಸುತ್ತಿರುವುದು ಇದೇ ಮೊದಲು, ಏಕೆಂದರೆ ಮನೆಯಲ್ಲಿ ನಾವೆಲ್ಲರೂ, ವಿಷಯ ಗೊತ್ತಿದ್ದ ನಾನೂ ಸೇರಿ, ಅವರನ್ನು ಕೊನೆಯವರೆಗೂ ‘ಅಣ್ಣನ ರೂಮ್‌ಮೇಟ್’ ಎಂದೇ ಕರೆದೆವು. ಹೋದ ವರ್ಷ ಕಾರ್ತಿಕ ಮಾಸದಲ್ಲಿ ಅವರು ಹೃದಯಾಘಾತದಿಂದ ತೀರಿಕೊಂಡರು. ಅವರ ಮನೆಯವರು ಬಂದು ದೇಹವನ್ನು ಊರಿಗೆ ಒಯ್ದು ಅಲ್ಲಿಯೇ ಎಲ್ಲ ಕರ್ಮಗಳನ್ನೂ ಮುಗಿಸಿದರು. ವೈಕುಂಠ ಸಮಾರಾಧನೆಗೆ ಅಣ್ಣನ ಜೊತೆ ನಾನೂ ಹೋಗಿದ್ದೆ. ಎರಡನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯ ಹಿರಿಯರೊಬ್ಬರು “ತಾವು ಯಾರ ಕಡೆಯವರಾಯಿತು?” ಎಂದು ವಿಚಾರಿಸಿದಾಗ ಅಣ್ಣ, “ಒಂದೇ ಮನೆಯಲ್ಲಿ ಬಾಡಿಗೆಗಿದ್ದೆವು” ಎಂದ. ಕೈ ತೊಳೆದು ಬಂದವನು, ಬಡಿಸುವವರು ಸಾಲದೆಂದು ಕಂಡು, ಮಜ್ಜಿಗೆಯ ಬಕೆಟ್ ಹಿಡಿದು ಮುಂದಿನ ಪಂಕ್ತಿಗೆ ಬಡಿಸುತ್ತ ಹೋದ. ಅಲ್ಲಿದ್ದವರಲ್ಲಿ ಒಬ್ಬರಾದರೂ ಅವನನ್ನು ಸಮಾಧಾನಪಡಿಸಲಿಲ್ಲ. ಸಮಾಧಾನ ಬೇಕಾದವನು ಅವನೆಂದು ಯಾರಿಗೂ ತಿಳಿದಿರಲಿಲ್ಲ. ತಿಳಿದಿದ್ದ ನಾನು ಎಲೆಯ ಮುಂದೆ ತಲೆ ತಗ್ಗಿಸಿ ಕುಳಿತಿದ್ದೆ.

ಅವರ ಸ್ಕೂಟರ್ ಇನ್ನೂ ಮನೆಯ ಕೆಳಗೇ ನಿಂತಿದೆ. ಭಾನುವಾರ ಬೆಳಿಗ್ಗೆ ಅಣ್ಣ ಕೆಳಗಿಳಿದು, ಬ್ಯಾಟರಿ ಕೂರಬಾರದೆಂದು ಹತ್ತು ನಿಮಿಷ ಅದನ್ನು ಸ್ಟಾರ್ಟ್ ಮಾಡಿಟ್ಟು, ಸೀಟು ಒರೆಸಿ ಮೇಲೆ ಬರುತ್ತಾನೆ. ಓಡಿಸುವುದೂ ಇಲ್ಲ, ಮಾರುವುದೂ ಇಲ್ಲ.

ಅವನು ದೊಡ್ಡ ಓದುಗ, ಇಂಗ್ಲಿಷಿನಲ್ಲಿ ಪತ್ತೇದಾರಿ ಕಾದಂಬರಿಗಳನ್ನು ರಾತ್ರಿಯಿಡೀ ಓದುತ್ತಿದ್ದವನು. ಗಂಡು ಗಂಡನ್ನು ಪ್ರೀತಿಸುವ ಕಥೆಗಳಿರುವ ವಸುಧೇಂದ್ರ ಅವರ ಸಂಕಲನ ‘ಮೋಹನಸ್ವಾಮಿ’ 2013ರಲ್ಲಿ ಬಂದಾಗಲೇ ಕೊಂಡಿದ್ದ, ಆದ್ದರಿಂದ ಅದನ್ನು ಸೂಚಿಸಬೇಕಾಗಿಲ್ಲ. ಗಂಡು ಗಂಡನ್ನು ಪ್ರೀತಿಸಿ, ಕಳೆದುಕೊಂಡು, ಮತ್ತೆ ಬದುಕಿಗೆ ಮರಳುವ ಕಾದಂಬರಿಯೊಂದನ್ನು ಅವನ ಕೈಗೆ ಕೊಡಬೇಕೆಂದು ನನ್ನ ಆಸೆ. ಅಂತರ್ಜಾಲದಲ್ಲಿ ಹುಡುಕಿ ಒಂದನ್ನು ಮೊದಲು ನಾನೇ ಓದಿ ನೋಡಿದೆ. ಮೊದಲ ಅಧ್ಯಾಯದಲ್ಲಿ ಅಪಘಾತ, ಎರಡನೆಯದರಲ್ಲಿ ಹೊಸಬನ ಆಗಮನ, ನಾಲ್ಕನೆಯದಕ್ಕೆ ಸತ್ತವನ ಹೆಸರೇ ಇಲ್ಲ. ನನಗೇ ಸಿಟ್ಟು ಬಂತು. ಹೀಗಲ್ಲದ್ದು ಯಾವುದಿದೆ? ಕೊನೆಯಲ್ಲಿ ಬದುಕಿದ್ದವನನ್ನೂ ಸಾಯಿಸುವ ಪುಸ್ತಕ ಮಾತ್ರ ದಯವಿಟ್ಟು ಬೇಡ.

ಇನ್ನೊಂದು ಉಪಪ್ರಶ್ನೆ. ಹೆಂಡತಿ ಸತ್ತವನನ್ನು ನಾವು ವಿಧುರ ಎನ್ನುತ್ತೇವೆ. ನನ್ನ ಅಣ್ಣನನ್ನು ಏನೆನ್ನಬೇಕು?

ಹಳೆಯ ಮೇಷ್ಟ್ರು ಉತ್ತರಿಸಿದ್ದಾರೆ:

ತಾಯಿ, ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಇಂಗ್ಲಿಷ್ ಸಾಹಿತ್ಯ ಪಾಠ ಮಾಡಿ ನಿವೃತ್ತನಾದವನಾದ್ದರಿಂದ ಹಳೆಯ ಪುಸ್ತಕಗಳಿಂದಲೇ ಆರಂಭಿಸುವುದು ನನ್ನ ಚಾಳಿ, ಸಹಿಸಿಕೊಳ್ಳಿ.

ಈ ವಿಷಯದಲ್ಲಿ ಎಲ್ಲರೂ ಮೊದಲು ಹೆಸರಿಸುವುದು ಕ್ರಿಸ್ಟೋಫರ್ ಇಶರ್‌ವುಡ್‌ನ ‘ಎ ಸಿಂಗಲ್ ಮ್ಯಾನ್’. 1964ರಲ್ಲಿ ಪ್ರಕಟವಾದ ಈ ಸಣ್ಣ ಕಾದಂಬರಿ ಲಾಸ್ ಏಂಜಲೀಸ್‌ನಲ್ಲಿರುವ ಜಾರ್ಜ್ ಎಂಬ ಇಂಗ್ಲಿಷ್ ಪ್ರಾಧ್ಯಾಪಕನ ಒಂದೇ ಒಂದು ದಿನವನ್ನು ಹೇಳುತ್ತದೆ. ಅವನ ಸಂಗಾತಿ ಜಿಮ್ ದೂರದ ಓಹಾಯೋದಲ್ಲಿ ವಾಹನ ಅಪಘಾತದಲ್ಲಿ ತೀರಿಕೊಂಡಿದ್ದಾನೆ. ಬೆಳಿಗ್ಗೆ ಜಾರ್ಜ್ ಮೆಟ್ಟಿಲಿಳಿದು ಅಡುಗೆಮನೆಯ ಬಾಗಿಲಿಗೆ ಬರುತ್ತಾನೆ. ಬಾಗಿಲು ಇಕ್ಕಟ್ಟಿನದು, ತಟ್ಟೆ ಹಿಡಿದ ಇಬ್ಬರು ಅವಸರದಲ್ಲಿ ಓಡಾಡಿದರೆ ಒಬ್ಬರಿಗೊಬ್ಬರು ತಾಗದೆ ಗತ್ಯಂತರವಿಲ್ಲ. ದಿನವೂ ತಾಗುತ್ತಿದ್ದವನು ಈಗ ಇಲ್ಲವೆಂಬುದು ಆ ಜಾಗದಲ್ಲಿ, ಭೂಮಿ ಕುಸಿದು ದಾರಿ ಕಡಿದುಹೋದ ಅಂಚಿಗೆ ಬಂದು ನಿಂತಂತೆ, ಜಾರ್ಜ್‌ಗೆ ಪ್ರತಿ ಬೆಳಿಗ್ಗೆ ಹೊಸದಾಗಿ ಗೊತ್ತಾಗುತ್ತದೆ. ದುಃಖವನ್ನು ಇಷ್ಟು ಕಡಿಮೆ ಮಾತಿನಲ್ಲಿ ಹೇಳಿದ ಪುಟ ಇಂಗ್ಲಿಷಿನಲ್ಲಿ ಹೆಚ್ಚಿಲ್ಲವೆಂದು ನನ್ನ ಅಭಿಪ್ರಾಯ.

ನಿಮ್ಮ ಪಂಕ್ತಿಯ ಪ್ರಸಂಗವನ್ನು ಓದಿದಾಗ ನೆನಪಾದದ್ದು ಈ ಪುಸ್ತಕದ ಬೇರೊಂದು ಸಂಗತಿ. ಜಿಮ್ ಸತ್ತನೆಂಬುದನ್ನು ಜಾರ್ಜ್ ನೆರೆಮನೆಯವರಿಗೆ ಹೇಳುವುದೇ ಇಲ್ಲ. ಅವನು ತಂದೆತಾಯಿಯ ಜೊತೆ ಇರಲು ಪೂರ್ವದ ಕಡೆಗೆ ಹೋಗಿದ್ದಾನೆಂದು ಹೇಳಿ ಮುಗಿಸಿಬಿಡುತ್ತಾನೆ. 2009ರ ಚಲನಚಿತ್ರದಲ್ಲಿ ಅಂತ್ಯಕ್ರಿಯೆ ಮನೆಯವರಿಗೆ ಮಾತ್ರವೆಂದು ಫೋನಿನಲ್ಲಿ ಅವನನ್ನು ಹೊರಗಿಡುತ್ತಾರೆ. ಕಾದಂಬರಿಯಲ್ಲಿ ಹಾಗಿಲ್ಲ. ಜಿಮ್‌ನ ಚಿಕ್ಕಪ್ಪನೋ ದೊಡ್ಡಪ್ಪನೋ ಆದವನು ಒಳ್ಳೆಯ ಮಾತಿನಲ್ಲೇ ಕರೆಯುತ್ತಾನೆ, ಮನೆತನದ ಶೋಕದಲ್ಲಿ ಇವನಿಗೂ ಒಂದು ಸಣ್ಣ ಪಾಲನ್ನು ಗೌರವಕ್ಕೆಂಬಂತೆ ಕೊಡಲು ಸಿದ್ಧನಿರುತ್ತಾನೆ, ಜಾರ್ಜ್ ಹೋಗುವುದಿಲ್ಲ. ಹೊರಗೆ ತಳ್ಳುವುದಕ್ಕಿಂತ ಹೀಗೆ ಭಿಕ್ಷೆಯಂತೆ ಒಳಗೆ ಕರೆಯುವುದು ಹೆಚ್ಚು ಚುಚ್ಚುತ್ತದೆಂಬುದನ್ನು ಇಶರ್‌ವುಡ್ ಬಲ್ಲವನಾಗಿದ್ದ. (ಇದೇ ಇಶರ್‌ವುಡ್ ಸ್ವಾಮಿ ಪ್ರಭವಾನಂದರ ಶಿಷ್ಯ. ಅವರಿಬ್ಬರೂ ಸೇರಿ ಮಾಡಿದ ಭಗವದ್ಗೀತೆಯ ಇಂಗ್ಲಿಷ್ ಅನುವಾದ 1944ರಲ್ಲಿ ಬಂತು. ನಮ್ಮಲ್ಲಿ ಆ ಗೀತೆಯನ್ನು ಓದಿದ ಎಷ್ಟೋ ಮಂದಿ ಈ ಕಾದಂಬರಿಯ ಹೆಸರನ್ನೂ ಕೇಳಿಲ್ಲ.) ಆದರೆ ಇದರ ಕೊನೆಯ ಪುಟಗಳಲ್ಲಿ ಸಾವಿನ ನೆರಳಿದೆ. ನಿಮ್ಮ ಷರತ್ತಿನ ಪ್ರಕಾರ ಇದನ್ನು ಮೊದಲಿಗೆ ಕೊಡಬೇಡಿ.

ಎರಡನೆಯ ಅವಕಾಶವೆಂಬುದಕ್ಕೆ ನಿಜವಾದ ಮೂಲಪುರುಷ ಇ. ಎಂ. ಫಾರ್ಸ್ಟರ್. ‘ಮಾರಿಸ್’ ಕಾದಂಬರಿಯನ್ನು ಅವನು ಬರೆದದ್ದು 1913–14ರಲ್ಲಿ, ಅದು ಅಚ್ಚಾದದ್ದು ಅವನು ತೀರಿಕೊಂಡ ಮರುವರ್ಷ, 1971ರಲ್ಲಿ. ಮಾರಿಸ್‌ನನ್ನು ಪ್ರೀತಿಸಿದ ಕ್ಲೈವ್ ಮನಸ್ಸು ಬದಲಿಸಿ ಹೆಣ್ಣನ್ನು ಮದುವೆಯಾಗುತ್ತಾನೆ. ಮಾರಿಸ್ ವೈದ್ಯರ ಬಳಿಗೂ ಸಂಮೋಹನ ಚಿಕಿತ್ಸೆಯವನ ಬಳಿಗೂ ಅಲೆದು, ಕೊನೆಗೆ ಅದೇ ಕ್ಲೈವ್‌ನ ಎಸ್ಟೇಟಿನಲ್ಲಿ ಬೇಟೆಯ ಕಾಡು ನೋಡಿಕೊಳ್ಳುವ ಅಲೆಕ್‌ನಲ್ಲಿ ನೆಮ್ಮದಿ ಕಾಣುತ್ತಾನೆ. ಸುಖಾಂತ್ಯ ಇರಲೇಬೇಕೆಂದು ಹಟ ಹಿಡಿದು ಬರೆದೆನೆಂದೂ, ದುರಂತವಾಗಿ ಮುಗಿಸಿದ್ದರೆ ಪ್ರಕಟಣೆಗೆ ಇಷ್ಟು ತೊಡಕಿರುತ್ತಿರಲಿಲ್ಲವೆಂದೂ ಫಾರ್ಸ್ಟರ್ ಹಿನ್ನುಡಿಯಲ್ಲಿ ಹೇಳಿಕೊಂಡಿದ್ದಾನೆ. ಗಂಡು ಗಂಡಿನ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಕಾನೂನು ಇಂಗ್ಲೆಂಡಿನಲ್ಲಿ ಸಡಿಲವಾದದ್ದು 1967ರಲ್ಲಿ. ‘ಮೋಹನಸ್ವಾಮಿ’ಯ ‘ಕಗ್ಗಂಟು’ ಕಥೆಯಲ್ಲಿ ನಾಯಕನ ಸಂಗಾತಿ ಕಾರ್ತಿಕ್ ಮದುವೆಗೆ ಹೊರಡುವುದನ್ನು ಓದಿದವರಿಗೆ ಕ್ಲೈವ್ ಹೊಸಬನೆನಿಸುವುದಿಲ್ಲ.

ನಿಮ್ಮ ಅಣ್ಣನಿಗೆ ನಾನು ಕೊಡುವುದಾದರೆ ಪಾಲ್ ಮೊನೆಟ್ ಬರೆದ ‘ಆಫ್ಟರ್‌ಲೈಫ್’ ಕೊಟ್ಟೇನು. 1990ರ ಕಾದಂಬರಿ. ಸಂಗಾತಿಗಳನ್ನು ಏಡ್ಸ್‌ಗೆ ಕಳೆದುಕೊಂಡ ಲಾಸ್ ಏಂಜಲೀಸಿನ ಮೂವರು ಗಂಡಸರು ಒಂದೆಡೆ ಸೇರುತ್ತ ಬದುಕುವ ಕಥೆ. ಒಬ್ಬ ಪ್ರೀತಿಯ ಕಡೆಗೆ ತಿರುಗಿದರೆ ಇನ್ನೊಬ್ಬ ಸಿಟ್ಟಿನ ಕಡೆಗೆ ತಿರುಗುತ್ತಾನೆ, ಒಬ್ಬರಂತೆ ಇನ್ನೊಬ್ಬರು ಅಳುವುದಿಲ್ಲ. ಮೊನೆಟ್‌ನ ಸಂಗಾತಿ ರೋಜರ್ ಹಾರ್ವಿಟ್ಜ್ 1986ರಲ್ಲಿ ತೀರಿಕೊಂಡ, ಆಮೇಲೆ ಪ್ರೀತಿಸಿದ ಸ್ಟೀಫನ್ ಕೋಲ್ಜಾಕ್ 1990ರಲ್ಲಿ, ಮೊನೆಟ್ ತಾನೂ 1995ರಲ್ಲಿ. ಆ ರೋಗವನ್ನು ತಡೆದು ನಿಲ್ಲಿಸುವ ಸಂಯುಕ್ತ ಔಷಧಗಳು ಬಳಕೆಗೆ ಬಂದದ್ದು ಮರುವರ್ಷ, 1996ರಲ್ಲಿ. ಆದ್ದರಿಂದ ಅಲ್ಲಿ ಎರಡನೆಯ ಪ್ರೀತಿಯೆಂದರೆ ಮುಂದಿನ ನಲವತ್ತು ವರ್ಷಗಳ ಭರವಸೆಯಲ್ಲ, ಕೈಯಲ್ಲಿರುವ ತಿಂಗಳುಗಳನ್ನು ಎಣಿಸಿಕೊಂಡೇ ಮಾಡುವ ಪ್ರೀತಿ. ಸುಖಾಂತ್ಯವೆಂದು ಹೇಳಿದರೆ ಸುಳ್ಳಾದೀತು, ದುರಂತವೂ ಅಲ್ಲ. ಆ ಗಂಡಸರು ಒಬ್ಬರನ್ನೊಬ್ಬರು ವಿಧುರರೆಂದೇ ಬಗೆಯುತ್ತಾರೆ, ಅದಕ್ಕೆ ಯಾರ ಅಪ್ಪಣೆಯನ್ನೂ ಕಾಯುವುದಿಲ್ಲ.

ನಿಮ್ಮ ಉಪಪ್ರಶ್ನೆಗೆ ನಿಘಂಟು ನೋಡಿ ಬರೆಯುತ್ತೇನೆ.

ರಾತ್ರಿಪಾಳಿ ಉತ್ತರಿಸಿದ್ದಾರೆ:

ಮೇಷ್ಟ್ರು ಹೇಳಿದ್ದೆಲ್ಲ ಘನವಾದ ಸಾಹಿತ್ಯ. ನಾನು ರೊಮ್ಯಾನ್ಸ್ ಕಾದಂಬರಿಗಳ ಓದುಗಿ, ಪಾಳಿಯ ನಡುವೆ ಫೋನಿನಲ್ಲೇ ಓದುತ್ತೇನೆ, ಅದರ ಬಗ್ಗೆ ನನಗೆ ಯಾವ ಸಂಕೋಚವೂ ಇಲ್ಲ. ಆ ಪ್ರಕಾರಕ್ಕೆ ಒಂದೇ ಒಂದು ಕರಾರಿದೆ: ಕಥೆಯ ನಡುಮನೆಯಲ್ಲಿ ಪ್ರೀತಿ ಇರಬೇಕು, ಕೊನೆಗೆ ಓದುಗರ ಎದೆ ಹಗುರಾಗಬೇಕು. ಗಂಡು ಗಂಡಿನ ಪ್ರೇಮಕಥೆಗಳಲ್ಲಿ ಒಬ್ಬನನ್ನು ಕೊಲ್ಲದೆ ಪುಸ್ತಕ ಮುಗಿಯದೆನ್ನುವ ರೂಢಿ ಎಷ್ಟು ಕಾಲ ನಡೆಯಿತೆಂಬುದನ್ನು ನೆನೆದರೆ, ಈ ಕರಾರನ್ನು ಹಗುರವೆಂದು ತಳ್ಳಿಹಾಕಲಾಗದು.

ಹಾಗೆಂದು ನಿಮ್ಮ ಸಿಟ್ಟನ್ನು ನಾನು ಅಲ್ಲಗಳೆಯುವುದಿಲ್ಲ. ನಾಯಕನ ಮುಖಕ್ಕೆ ಸ್ವಲ್ಪ ವಿಷಾದ ಬಳಿಯಲೆಂದೇ ಮೊದಲ ಪುಟದಲ್ಲಿ ಒಬ್ಬನನ್ನು ಸಾಯಿಸುವ ಪುಸ್ತಕಗಳು ಬೇಕಾದಷ್ಟಿವೆ. ಅವುಗಳನ್ನು ಗುರುತಿಸಲು ನನಗೊಂದು ಉಪಾಯ ಗೊತ್ತಿದೆ. ಸತ್ತವನಿಗೆ ಕೆಟ್ಟ ಅಭ್ಯಾಸವೊಂದಾದರೂ ಇದೆಯೇ ಎಂದು ನೋಡುತ್ತೇನೆ. ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆಯುತ್ತಿದ್ದ, ಸುಳ್ಳು ಹೇಳುತ್ತಿದ್ದ, ಸಾಲ ಮಾಡಿದ್ದ, ಏನಾದರೂ ಸರಿ. ಸತ್ತವನು ಪಟದಲ್ಲಿನ ದೇವರಂತೆ ನಿರ್ದೋಷಿಯಾಗಿದ್ದರೆ ಬರೆದವರಿಗೆ ಅವನ ಪರಿಚಯವೇ ಇಲ್ಲವೆಂದು ತಿಳಿದು ಅಲ್ಲಿಗೇ ನಿಲ್ಲಿಸುತ್ತೇನೆ.

ಈ ಪರೀಕ್ಷೆಯಲ್ಲಿ ಗೆದ್ದದ್ದು ಆಡಮ್ ಸಿಲ್ವೆರಾ ಅವರ ‘ಹಿಸ್ಟರಿ ಈಸ್ ಆಲ್ ಯು ಲೆಫ್ಟ್ ಮಿ’ (2017). ಗ್ರಿಫಿನ್ ಎಂಬ ಹುಡುಗ ನೀರಿನಲ್ಲಿ ಮುಳುಗಿ ಸತ್ತ ತನ್ನ ಮೊದಲ ಪ್ರೇಮಿ ಥಿಯೋನನ್ನೇ ‘ನೀನು’ ಎಂದು ಕರೆಯುತ್ತ ಇಡೀ ಕಥೆಯನ್ನು ಅವನಿಗೇ ಹೇಳುತ್ತಾನೆ. ತೊಡಕೆಂದರೆ, ಸಾಯುವ ಹೊತ್ತಿಗೆ ಥಿಯೋ ಇವನ ಪ್ರೇಮಿಯಾಗಿರಲಿಲ್ಲ, ಜಾಕ್ಸನ್ ಎಂಬ ಬೇರೊಬ್ಬನ ಜೊತೆಗಿದ್ದ. ಶವದ ಮುಂದೆ ಅಳುವ ಹಕ್ಕು ಯಾರಿಗೆ ಹೆಚ್ಚು? ಇಬ್ಬರು ಹುಡುಗರೂ ಈ ಪೈಪೋಟಿಯಲ್ಲಿ ಒಬ್ಬರನ್ನೊಬ್ಬರು ನೋಯಿಸುತ್ತಾರೆ, ಆಮೇಲೆ ಥಿಯೋನನ್ನು ಅಷ್ಟು ಹತ್ತಿರದಿಂದ ಬಲ್ಲ ಇನ್ನೊಬ್ಬ ಜೀವ ಜಗತ್ತಿನಲ್ಲಿ ತನ್ನ ಎದುರಾಳಿಯೊಬ್ಬನೇ ಎಂಬುದು ಇಬ್ಬರಿಗೂ ಹೊಳೆಯುತ್ತದೆ. ಹದಿಹರೆಯದವರಿಗೆಂದು ಬರೆದ ಪುಸ್ತಕ, ನಿಮ್ಮ ಅಣ್ಣನ ವಯಸ್ಸಿಗೆ ಎಳಸೆನಿಸಬಹುದು.

ಟಿ. ಜೆ. ಕ್ಲೂನ್ ಬರೆದ ‘ಅಂಡರ್ ದ ವಿಸ್ಪರಿಂಗ್ ಡೋರ್’ (2021) ಎಲ್ಲ ಪಟ್ಟಿಗಳಲ್ಲೂ ಇರುತ್ತದೆ. ಸತ್ತ ವಕೀಲನೊಬ್ಬ ಬೆಟ್ಟದೂರಿನ ಚಹಾದಂಗಡಿಗೆ ಬರುತ್ತಾನೆ. ಅಂಗಡಿಯ ಒಡೆಯ ಹ್ಯೂಗೋ ಸತ್ತವರನ್ನು ಆಚೆ ದಾಟಿಸುವವನು, ಬಂದವರಿಗೆ ತಕ್ಕ ಚಹಾವನ್ನು ಆರಿಸಿ ಕಾಯಿಸುತ್ತಾನೆ. ಬದುಕಿರುವ ಹ್ಯೂಗೋಗೂ ಸತ್ತ ವಕೀಲನಿಗೂ ನಡುವೆ ಪ್ರೀತಿ ಮೂಡುತ್ತದೆ, ಮುಟ್ಟಲಾಗದ ಪ್ರೀತಿ. ಕ್ಲೂನ್ ತನ್ನ ಸಂಗಾತಿಯನ್ನು ಕಳೆದುಕೊಂಡ ಮೇಲೆ ಬರೆದದ್ದರಿಂದ, ಮಗಳನ್ನು ಕಳೆದುಕೊಂಡ ತಾಯಿಯೊಬ್ಬಳು ಆ ಅಂಗಡಿಗೆ ಬಂದು ಸುಮ್ಮನೆ ಕೂರುವ ದೃಶ್ಯಗಳಲ್ಲಿ ಕಟ್ಟುಕಥೆಯ ವಾಸನೆಯಿಲ್ಲ. ಆದರೂ ಇದನ್ನು ನಿಮ್ಮ ಅಣ್ಣನಿಗೆ ಕೊಡಲು ನಾನು ಹಿಂಜರಿಯುತ್ತೇನೆ. ಗುಟ್ಟು ಒಡೆಯುತ್ತಿರುವುದಕ್ಕೆ ಕ್ಷಮೆಯಿರಲಿ: ಕೊನೆಯಲ್ಲಿ ಸತ್ತವನು ಬದುಕಿ ಬರುತ್ತಾನೆ. ಸುಮ್ಮನೆ ಓದುವವರಿಗೆ ಅದು ಖುಷಿ. ಭಾನುವಾರ ಸ್ಕೂಟರ್ ಸ್ಟಾರ್ಟ್ ಮಾಡುವವರಿಗೆ ಅದನ್ನು ಹೇಗೆ ಓದಿಸುವುದು? ಆತ್ಮಹತ್ಯೆಯ ಪ್ರಸ್ತಾಪವೂ ಆ ಪುಸ್ತಕದಲ್ಲಿದೆ, ತಿಳಿದಿರಲಿ.

ಆದ್ದರಿಂದ ನನ್ನ ಮತ ಆಂಡ್ರ್ಯೂ ಶಾನ್ ಗ್ರೀರ್ ಅವರ ‘ಲೆಸ್’ಗೆ. 2018ರಲ್ಲಿ ಪುಲಿಟ್ಜರ್ ಪಡೆದ ಹಾಸ್ಯ ಕಾದಂಬರಿ. ಹಳೆಯ ಪ್ರೇಮಿಯ ಮದುವೆಗೆ ಹೋಗುವುದನ್ನು ತಪ್ಪಿಸಿಕೊಳ್ಳಲು ಆರ್ಥರ್ ಲೆಸ್ ಎಂಬ ಸಾಧಾರಣ ಲೇಖಕ ಜಗತ್ತಿನ ಮೂಲೆಮೂಲೆಯಿಂದ ಬಂದ ಆಹ್ವಾನಗಳನ್ನೆಲ್ಲ ಒಪ್ಪಿಕೊಂಡು ಮೆಕ್ಸಿಕೊ, ಇಟಲಿ, ಜರ್ಮನಿ, ಮೊರಾಕೊ, ಭಾರತ, ಜಪಾನ್ ಎಂದು ಸುತ್ತುತ್ತಾನೆ. ಅವನಿಗೆ ಐವತ್ತು ತುಂಬುತ್ತಿದೆ. ಮುಪ್ಪಾಗುತ್ತಿರುವ ಮೊದಲ ಗೇ ಗಂಡಸು ತಾನೇ ಏನೋ ಎಂದು ಅವನಿಗೆ ಅನಿಸುವುದು ನಗೆಯ ಮಾತಿನಂತೆ ಬರುತ್ತದೆ, ಅವನಿಗಿಂತ ಹಿಂದಿನ ತಲೆಮಾರು ಏಡ್ಸ್‌ಗೆ ಬಲಿಯಾದದ್ದರಿಂದ ಮುಪ್ಪನ್ನು ತೋರಿಸಿಕೊಡುವ ಹಿರಿಯರೇ ಉಳಿದಿಲ್ಲವೆಂಬುದು ಆ ನಗೆಯ ಅಡಿಯಲ್ಲಿದೆ. ಇಲ್ಲಿರುವುದು ಸಾವಿನ ಶೋಕಕ್ಕಿಂತ ಹೆಚ್ಚಾಗಿ ಅಗಲಿಕೆಯದು. ನಲವತ್ತಾರರ ಗಂಡಸು ರಾತ್ರಿ ಒಬ್ಬನೇ ಓದುವಾಗ ಒಂದೆರಡು ಸಲ ಗಟ್ಟಿಯಾಗಿ ನಕ್ಕರೆ ಅದೂ ಔಷಧವೇ.

ಒಗ್ಗರಣೆ ಉತ್ತರಿಸಿದ್ದಾರೆ:

ಒಂದೇ ಮಾತು. ಯಾರಾದರೂ ‘ಬ್ರೋಕ್‌ಬ್ಯಾಕ್ ಮೌಂಟನ್’ ಎಂದಾರು, ಕೇಳಬೇಡಿ. ಅದು ಕಾದಂಬರಿಯಲ್ಲ, ಆನಿ ಪ್ರೂ ಅವರ ಸಣ್ಣಕಥೆ, 1997ರಲ್ಲಿ ‘ನ್ಯೂಯಾರ್ಕರ್’ನಲ್ಲಿ ಬಂದದ್ದು. ಸತ್ತ ಗೆಳೆಯನ ಬೀರುವಿನಲ್ಲಿ ಅವನ ಅಂಗಿಯೊಳಗೆ ತನ್ನದೇ ಹಳೆಯ ಅಂಗಿ ಸೇರಿಸಿಟ್ಟಿರುವುದನ್ನು ಬದುಕಿದವನು ಕಾಣುವ ಆ ಒಂದು ದೃಶ್ಯಕ್ಕಾಗಿ ಜಗತ್ತೆಲ್ಲ ಅತ್ತಿತು, ನಾನೂ ಅತ್ತೆ. ಆದರೆ ಅಲ್ಲಿ ಎರಡನೆಯ ಅವಕಾಶವೂ ಇಲ್ಲ, ಗಾಯ ಮಾಯುವುದೂ ಇಲ್ಲ. ಬಟ್ಟೆಯ ಬೀರುವನ್ನು ಇನ್ನೂ ತೆರೆದಿರದ ಮನೆಗೆ ಆ ಕಥೆಯನ್ನು ಒಯ್ಯಬೇಡಿ.

ಬಸವನಗುಡಿಯವನು ಉತ್ತರಿಸಿದ್ದಾರೆ:

ನಾನು ನಿಮ್ಮ ಅಣ್ಣನ ಸ್ಥಾನದಲ್ಲಿ ಇದ್ದವನು, ಆದ್ದರಿಂದ ಸ್ವಲ್ಪ ಸ್ವಾತಂತ್ರ್ಯ ತೆಗೆದುಕೊಂಡು ಬರೆಯುತ್ತೇನೆ. ನನ್ನವರು ಹೋಗಿ ನಾಲ್ಕು ವರ್ಷವಾಯಿತು. ಮೊದಲ ಒಂದು ವರ್ಷ ನನಗೆ ಕಾದಂಬರಿ ಓದಲಾಗಲಿಲ್ಲ. ಎರಡು ಪುಟ ಓದುವಷ್ಟರಲ್ಲಿ ಯಾರ ಹೆಸರು ಯಾರದೆಂದು ಮರೆತುಹೋಗುತ್ತಿತ್ತು. ಅವರು ಕೊಂಡಿಟ್ಟಿದ್ದ ಅಡುಗೆ ಪುಸ್ತಕವೊಂದನ್ನು ಮಾತ್ರ ಓದುತ್ತಿದ್ದೆ, ಬಿಸಿಬೇಳೆಬಾತಿನ ಪುಟದಲ್ಲಿ ‘ಇಂಗು ಇಷ್ಟು ಬೇಡ’ ಎಂದು ಅವರ ಪೆನ್ಸಿಲ್ ಅಕ್ಷರವಿದೆ. ಆದ್ದರಿಂದ ನಿಮ್ಮ ಅಣ್ಣ ಪುಸ್ತಕವನ್ನು ಪಕ್ಕಕ್ಕಿಟ್ಟರೆ ಬೇಸರಪಡಬೇಡಿ.

ಮೇಷ್ಟ್ರ ಮಾತಿಗೆ ನನ್ನದೊಂದು ಭಿನ್ನಾಭಿಪ್ರಾಯವಿದೆ. ಮತ್ತೆ ಓದಲು ಆರಂಭಿಸಿದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಎ ಸಿಂಗಲ್ ಮ್ಯಾನ್’. ಅದರ ಕೊನೆ ನನ್ನನ್ನು ಹೆದರಿಸಲಿಲ್ಲ. ಕ್ರೂರವಾದ, ನಗೆಪಾಟಲಿನ, ಯಾರಿಗೂ ಹೇಳಲಾಗದ ಯೋಚನೆಗಳೂ ದುಃಖದಲ್ಲಿ ಬರುತ್ತವೆಂದು ಒಪ್ಪಿಕೊಂಡ ಮೊದಲ ಪುಸ್ತಕ ಅದು. ಜಾರ್ಜ್ ಹೆದ್ದಾರಿಯಲ್ಲಿ ಕಾರು ಓಡಿಸುತ್ತ ಕಂಡಕಂಡವರ ಮೇಲೆಲ್ಲ ಮನಸ್ಸಿನಲ್ಲೇ ಸೇಡು ತೀರಿಸಿಕೊಳ್ಳುವುದನ್ನು ಓದಿ, ನನ್ನಂಥವನು ಇನ್ನೊಬ್ಬನಿದ್ದಾನಲ್ಲ ಎಂದು ಸಮಾಧಾನವಾಯಿತು. ಸುಖಾಂತ್ಯಕ್ಕಿಂತ ಆ ಹೊತ್ತಿಗೆ ನನಗೆ ಬೇಕಾಗಿದ್ದದ್ದು ಅದು.

ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಅಣ್ಣನ ಮಾತಲ್ಲ, “ತಿಳಿದಿದ್ದ ನಾನು ತಲೆ ತಗ್ಗಿಸಿ ಕುಳಿತಿದ್ದೆ” ಎಂಬ ನಿಮ್ಮ ಮಾತು. ಅಣ್ಣನಿಗೆ ಪುಸ್ತಕ ಹುಡುಕುವ ಮೊದಲು ನೀವೊಂದನ್ನು ಓದಿ. ಗೆಂಗೊರೊ ತಗಾಮೆ ಎಂಬ ಜಪಾನಿ ಚಿತ್ರಕಾರನ ‘ಮೈ ಬ್ರದರ್ಸ್ ಹಸ್ಬೆಂಡ್’, 2014ರಿಂದ 2017ರವರೆಗೆ ಧಾರಾವಾಹಿಯಾಗಿ ಬಂದ ಚಿತ್ರಕಥೆ, ಇಂಗ್ಲಿಷಿನಲ್ಲಿ ಎರಡು ಸಂಪುಟಗಳಲ್ಲಿ ಸಿಗುತ್ತದೆ. ಯಾಯಿಚಿ ಎಂಬುವನು ಮಗಳೊಡನೆ ಒಬ್ಬನೇ ಇದ್ದಾನೆ. ಅವನ ಅವಳಿ ಸಹೋದರ ರ್ಯೋಜಿ ಕೆನಡಾದಲ್ಲಿ ಮೈಕ್ ಎಂಬುವನನ್ನು ಮದುವೆಯಾಗಿ ಅಲ್ಲಿಯೇ ತೀರಿಕೊಂಡವನು. ಆ ಮೈಕ್, ದೊಡ್ಡ ಗಡ್ಡದ ದೊಡ್ಡ ಆಳು, ಗಂಡ ಹುಟ್ಟಿ ಬೆಳೆದ ಊರನ್ನು ನೋಡಬೇಕೆಂದು ಒಂದು ದಿನ ಇವನ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಯಾಯಿಚಿಗೆ ಮುಜುಗರ. ಪುಟ್ಟ ಮಗಳಿಗೆ ಮಾತ್ರ ಹೊಸ ಚಿಕ್ಕಪ್ಪ ಸಿಕ್ಕಿದ ಸಂಭ್ರಮ. ಒಂದು ರಾತ್ರಿ ಕುಡಿದು ಬಂದ ಮೈಕ್, ಅವಳಿಯ ಮುಖವನ್ನು ಕಂಡು ರ್ಯೋಜಿಯೆಂದೇ ಭ್ರಮಿಸಿ, ಯಾಯಿಚಿಯನ್ನು ತಬ್ಬಿ ಅಳುತ್ತಾನೆ. ಯಾಯಿಚಿ ಅಲ್ಲಾಡದೆ ನಿಲ್ಲುವ ಆ ಪುಟಗಳನ್ನು ನೋಡಿ. ತನಗೆ ಒಬ್ಬ ಸಹೋದರ ಹೋದ, ಇವನಿಗೆ ಗಂಡ ಹೋದ ಎಂಬ ಸರಳ ಲೆಕ್ಕ ಅವನಿಗೆ ಅರ್ಥವಾಗಲು ಎರಡು ಸಂಪುಟ ಬೇಕಾಗುತ್ತದೆ. ಅಲ್ಲಿ ಹೊಸ ಪ್ರೇಮವಿಲ್ಲ. ಎರಡನೆಯ ಅವಕಾಶ ಸಿಗುವುದು ಮೈಕ್‌ಗಲ್ಲ, ಮನೆಯವನಿಗೆ. ಇದನ್ನು ನಾನು ನನ್ನ ತಂಗಿಗೆ ಕೊಟ್ಟೆ. ಅವಳು ಏನೂ ಹೇಳಲಿಲ್ಲ, ಆದರೆ ಆ ವರ್ಷದ ಪಕ್ಷಮಾಸದಲ್ಲಿ ಫೋನ್ ಮಾಡಿ, ಅವರಿಗೆ ಇಷ್ಟವಾಗಿದ್ದ ತಿಂಡಿ ಯಾವುದೆಂದು ಕೇಳಿದಳು.

ಇಂಗ್ಲಿಷ್ ಕಾದಂಬರಿಗಳನ್ನು ಓದುವಾಗ ನನಗಾಗುತ್ತಿದ್ದ ಒಂದು ಅಸೂಯೆಯನ್ನೂ ಹೇಳಿಬಿಡುತ್ತೇನೆ. ಇತ್ತೀಚಿನ ಪುಸ್ತಕಗಳಲ್ಲಿ ಉಳಿದವನಿಗೆ ಅಳಲು ಒಂದು ಮನೆಯಿರುತ್ತದೆ, ಆ ಮನೆ ಕಾನೂನಿನ ಪ್ರಕಾರ ಅವನದೇ ಆಗಿರುತ್ತದೆ. ನಮ್ಮಲ್ಲಿ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಪ್ರೀತಿಯನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು, 2023ರ ಅಕ್ಟೋಬರ್ 17ರಂದು ಮದುವೆಯ ಹಕ್ಕನ್ನು ಮಾತ್ರ ಕೊಡಲಿಲ್ಲ. ಜಂಟಿ ಬ್ಯಾಂಕ್ ಖಾತೆಗೂ ನಾಮಿನಿ ಮಾಡುವುದಕ್ಕೂ ಅಡ್ಡಿಯಿಲ್ಲವೆಂದು ಕೇಂದ್ರ ಹಣಕಾಸು ಸಚಿವಾಲಯ ಸ್ಪಷ್ಟಪಡಿಸಿದ್ದು 2024ರ ಆಗಸ್ಟ್‌ನಲ್ಲಿ. ಹತ್ತಿರದ ಬಂಧುಗಳು ಇಲ್ಲದಾಗ ಸಂಗಾತಿಯೇ ದೇಹವನ್ನು ಪಡೆಯಲು ಅವಕಾಶ ಕೊಡಬೇಕೆಂದು ಆರೋಗ್ಯ ಸಚಿವಾಲಯ ರಾಜ್ಯಗಳಿಗೆ ಬರೆದದ್ದೂ ಅದೇ ವರ್ಷ. ಬಂಧುಗಳು ಇದ್ದಾಗ? ನಿಮ್ಮ ಅಣ್ಣ ಮಜ್ಜಿಗೆ ಬಡಿಸಿದ. ನಾನು ಆಸ್ಪತ್ರೆಯ ಪಾರ್ಕಿಂಗ್ ಜಾಗದಲ್ಲಿ ನಿಂತಿದ್ದೆ. ಶೋಕಿಸುವ ಹಕ್ಕನ್ನು ಸಮಾಜ ಒಪ್ಪದ ದುಃಖಕ್ಕೆ ಅಮೆರಿಕದ ಕೆನೆತ್ ಡೋಕಾ ಎಂಬ ವಿದ್ವಾಂಸರು 1989ರಲ್ಲೇ ಒಂದು ಶಾಸ್ತ್ರೀಯ ಹೆಸರು ಕೊಟ್ಟಿದ್ದಾರೆ. ಕನ್ನಡದಲ್ಲಿ ಅದನ್ನು ವಾರಸುದಾರಿಕೆ ತಪ್ಪಿದ ದುಃಖ ಎನ್ನಬಹುದೇನೋ.

ಈಗ ಒಂದು ವರ್ಷದಿಂದ ನನಗೊಬ್ಬರ ಸ್ನೇಹವಿದೆ. ಕಾದಂಬರಿಗಳಲ್ಲಿ ಹೊಸಬ ಬಂದೊಡನೆ ಹಳೆಯ ಫೋಟೊ ಗೋಡೆಯಿಂದ ಇಳಿಯುತ್ತದೆ, ಇಲ್ಲವೇ ಅದರ ಮುಂದೆ ದೊಡ್ಡ ಜಗಳವಾಗುತ್ತದೆ. ಇವರು ಮೊದಲ ಸಲ ಮನೆಗೆ ಬಂದಾಗ ಫೋಟೊದ ಮುಂದೆ ನಿಂತು, “ಇದನ್ನು ತೆಗೆದವರು ಯಾರು? ಚೌಕಟ್ಟು ಓರೆಯಾಗಿದೆಯಲ್ಲ” ಎಂದರು. ತೆಗೆದವನು ನಾನೇ. ನಿಮಗೆ ಬೇಕಾದ ಕಾದಂಬರಿ ಇಂಥದ್ದನ್ನು ಬಲ್ಲದ್ದಾಗಿರಬೇಕು, ಬಲ್ಲವು ಬಹಳ ಇಲ್ಲ. ಮೊನೆಟ್‌ಗೆ ಅದು ಗೊತ್ತಿತ್ತು, ಮೇಷ್ಟ್ರ ಆ ಆಯ್ಕೆಗೆ ನನ್ನ ಪೂರ್ಣ ಒಪ್ಪಿಗೆಯಿದೆ.

ಹಳೆಯ ಮೇಷ್ಟ್ರು ಮತ್ತೆ ಬರೆದಿದ್ದಾರೆ:

ಬಸವನಗುಡಿಯವರ ತಿದ್ದುಪಡಿಯನ್ನು ತಲೆಬಾಗಿ ಒಪ್ಪಿಕೊಂಡಿದ್ದೇನೆ. ನಾನು ಓದಿದವನು, ಅವರು ಅನುಭವಿಸಿದವರು.

ಇನ್ನು ‘ವಿಧುರ’ನ ವಿಚಾರ. ಸಂಸ್ಕೃತದಲ್ಲಿ ವಿಧುರ ಎಂದರೆ ಪ್ರಿಯರಿಂದ ಅಗಲಿದ, ಒಂಟಿಯಾದ ಎಂದರ್ಥ. ಅದರ ಮೂಲಾರ್ಥ ಇನ್ನೂ ಚೆನ್ನಾಗಿದೆ. ‘ಧುರ’ವೆಂದರೆ ಗಾಡಿಯ ನೊಗ ಅಥವಾ ಮೂಕಿ, ಅದಿಲ್ಲದ್ದು ವಿಧುರ. ಮೂಕಿ ಕಳಚಿಹೋದ ಗಾಡಿಯೆಂದು ತಿಳಿಯಿರಿ. ಆ ಪದದ ಒಡಲಿನಲ್ಲಿ ಹೆಂಡತಿಯೂ ಇಲ್ಲ, ಹೆಣ್ಣೂ ಇಲ್ಲ, ಜೊತೆ ತಪ್ಪಿದ ಭಾರವೊಂದೇ ಇದೆ. ಹೆಂಡತಿ ಸತ್ತವನೆಂಬ ಅರ್ಥಕ್ಕೆ ಅದನ್ನು ಕಟ್ಟಿಹಾಕಿದ್ದು ರೂಢಿ. ಆದ್ದರಿಂದ ನಿಮ್ಮ ಅಣ್ಣನನ್ನು ವಿಧುರನೆನ್ನಲು ಹೊಸ ಪದವನ್ನು ಟಂಕಿಸುವ ಅಗತ್ಯವಿಲ್ಲ.

ಗಂಡಸಿಗಾಗಿ ಗಂಡಸು ಅಳುವುದೂ ಕನ್ನಡಕ್ಕೆ ಹೊಸದಲ್ಲ. ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನ ರಣಭೂಮಿಯ ಹೆಣಗಳ ನಡುವೆ ನಡೆಯುತ್ತ ಕರ್ಣನ ಮುಂದೆ ಬಂದು ಅಳುವ ಭಾಗವನ್ನು ನಾನು ಎಷ್ಟೋ ಸಲ ಓದಿದ್ದೇನೆ. ಅದು ಸ್ನೇಹ, ಅದನ್ನು ಎಳೆದಾಡಿ ಬೇರೆ ಮಾಡುವುದು ನನಗಿಷ್ಟವಿಲ್ಲ. ಆದರೆ ಅಲ್ಲಿ ಯಾರೂ ಬಂದು “ತಾವು ಯಾರ ಕಡೆಯವರಾಯಿತು?” ಎಂದು ದುರ್ಯೋಧನನನ್ನು ಕೇಳುವುದಿಲ್ಲವೆಂಬುದನ್ನು ನಿಮ್ಮ ಪತ್ರ ಓದಿದ ಮೇಲೆ ಗಮನಿಸಿದೆ.

ಕಾವೇರಿತೀರದ ಓದುಗಿ ಮರುಉತ್ತರಿಸಿದ್ದಾರೆ:

ಎಲ್ಲರಿಗೂ ಋಣಿಯಾಗಿದ್ದೇನೆ. ತಗಾಮೆ ಅವರ ಎರಡು ಸಂಪುಟಗಳನ್ನು ತರಿಸಿ ಮೊದಲನೆಯದನ್ನು ಮುಗಿಸಿದ್ದೇನೆ. ಮೈಕ್ ತಬ್ಬಿಕೊಂಡು ಅಳುವ ಪುಟದಲ್ಲಿ ನಿಲ್ಲಿಸಿ, ಎರಡು ದಿನ ಬಿಟ್ಟು ಮತ್ತೆ ತೆರೆದೆ. ಬಸವನಗುಡಿಯವರೇ, ನೀವು ನನ್ನನ್ನು ಬೈಯದೆ ಬೈದಿದ್ದೀರಿ, ಅದು ತಕ್ಕದ್ದೇ ಆಗಿತ್ತು.

ಹೋದ ಭಾನುವಾರ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿದ್ದೆ. ಅಣ್ಣ ಸ್ಕೂಟರಿನ ಬಳಿಯೇ ಇದ್ದ. ಅದು ಓಡುತ್ತಿದ್ದ ಹತ್ತು ನಿಮಿಷ ನಾನೂ ಪಕ್ಕದಲ್ಲಿ ನಿಂತೆ, ಅವರ ಹೆಸರು ಹಿಡಿದು ಒಂದೆರಡು ಮಾತು ಕೇಳಿದೆ. ಎಂಜಿನ್ ಸದ್ದಿನಲ್ಲಿ ಅವನು ಹೇಳಿದ್ದು ಅರ್ಧ ಕೇಳಿಸಲಿಲ್ಲ, ಮತ್ತೆ ಕೇಳಲಿಲ್ಲ. ಮೇಲೆ ಬಂದು ಕಾಫಿ ಕುಡಿಯುವಾಗ ಮೇಷ್ಟ್ರು ಹೇಳಿದ ಪದದ ವಿಚಾರವನ್ನು ತೆಗೆದೆ. ಬಹಳ ದಿನಗಳ ಮೇಲೆ ನಕ್ಕ. “ವಿಧುರ ಅಂದರೆ ವಧೂವರರ ಜಾಹೀರಾತಿನಲ್ಲಿ ಬರುವವನು. ‘ವಿಧುರರೂ ಸಂಪರ್ಕಿಸಬಹುದು’ ಅಂತ ಇರುತ್ತದಲ್ಲ, ಅವನು” ಎಂದ. ಸ್ವಲ್ಪ ಹೊತ್ತು ಬಿಟ್ಟು, ಮೂಕಿ ಎಂದರೆ ಗಾಡಿಯ ಯಾವ ಭಾಗವೆಂದು ಕೇಳಿದ. ನನಗೆ ಸರಿಯಾಗಿ ಹೇಳಲು ಬರಲಿಲ್ಲ.

‘ಲೆಸ್’ ಕೊಟ್ಟು ಬಂದಿದ್ದೇನೆ, ನಲವತ್ತು ಪುಟ ಓದಿದ್ದಾನಂತೆ. ‘ಆಫ್ಟರ್‌ಲೈಫ್’ ಮಾತ್ರ ನನಗೆ ಎಲ್ಲಿಯೂ ಸಿಕ್ಕಿಲ್ಲ. ಮೇಷ್ಟ್ರೇ, ನಿಮ್ಮ ಪ್ರತಿಯನ್ನು ಒಂದು ತಿಂಗಳ ಮಟ್ಟಿಗೆ ಕಳುಹಿಸಿಕೊಡಲು ಸಾಧ್ಯವೇ? ಅಂಚೆವೆಚ್ಚ ನನ್ನದು, ಪುಸ್ತಕಕ್ಕೆ ಕಾಗದದ ಹೊದಿಕೆ ಹಾಕಿ ಹಿಂದಿರುಗಿಸುತ್ತೇನೆ.